ಪಟ್ಟಿಯಷ್ಟನ್ನೇ ಮಾರಲಿ



ಮಂಡಿಗೆ, ಸೊಂಟಕ್ಕೆ ವೈದ್ಯರು ಬರೆದುಕೊಡುವ ಬ್ರೇಸ್‌ಗಳಲ್ಲಿ ಮೊದಲು ಕೈಕೊಡುವುದು ಸಾಮಾನ್ಯವಾಗಿ ವೆಲ್ಕ್ರೋ ಪಟ್ಟಿ. ನನ್ನ ತಾಯಿಯ ಮಂಡಿ ಬ್ರೇಸ್‌ನ ಲೋಹದ ಕೀಲುಗಳು ಇನ್ನೂ ಗಟ್ಟಿಮುಟ್ಟಾಗಿವೆ. ಆದರೆ ಪಟ್ಟಿಯ ಕೊಕ್ಕೆಗಳಲ್ಲಿ ನೂಲು, ಕೂದಲು ಸಿಕ್ಕಿಕೊಂಡು, ದಾದರ್ ಸ್ಟೇಷನ್ನಿನ ಸೇತುವೆಯ ಮೆಟ್ಟಿಲಲ್ಲೇ ಚರ್ರನೆ ಬಿಟ್ಟುಕೊಳ್ಳುತ್ತದೆ. ಆ ನೂಕುನುಗ್ಗಲಿನಲ್ಲಿ ವಯಸ್ಸಾದವರು ಬಗ್ಗಿ ಮತ್ತೆ ಕಟ್ಟಿಕೊಳ್ಳುವುದು ಹೇಗೆ? ಪಟ್ಟಿ ಮಾತ್ರ ಕೇಳಿದರೆ ಅಂಗಡಿಯವರು ಹೊಸ ಬ್ರೇಸ್ ತೋರಿಸುತ್ತಾರೆ.

ನಾಯಿಯ ತುಪ್ಪಳಕ್ಕೆ ಅಂಟಿದ ಮುಳ್ಳುಕಾಯಿ ನೋಡಿ ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ಟ್ರಾಲ್ ರೂಪಿಸಿದ, 1955ರಲ್ಲಿ ಪೇಟೆಂಟ್ ಪಡೆದ ಈ ವೆಲ್ಕ್ರೋ ಜೋಡಣೆ ನಿಜಕ್ಕೂ ಉಪಕಾರಿ. ಊತ ಏರಿಳಿದಂತೆ ಬಿಗಿ ಹೊಂದಿಸಬಹುದು. ಕಾಲಿಗೆ ಕಟ್ಟುತ್ತಿದ್ದ ಹಳೆಯ ಕ್ಯಾಲಿಪರ್‌ಗಳ ಚರ್ಮದ ಪಟ್ಟಿಗೆ ತೂತಿದ್ದಷ್ಟೇ ಅಳತೆ. ಆದರೆ ಕಿತ್ತುಹೋದರೆ ಮೋಚಿ ಹೊಲಿದುಕೊಡುತ್ತಿದ್ದ. ಆ ಅನುಕೂಲವನ್ನು ನಾವೇಕೆ ಬಿಟ್ಟುಕೊಡಬೇಕು?

ಸಂಧಿವಾತದಿಂದ ಬೆರಳು ಸೆಟೆದವರಿಗೆ ಪಟ್ಟಿಯ ತುದಿಯಲ್ಲಿ ಬೆರಳು ತೂರಿಸುವ ಕುಣಿಕೆ ಬೇಕು. ಪಟ್ಟಿಯನ್ನು ಬ್ರೇಸ್‌ಗೆ ಜೋಡಿಸಿದ ಬಳೆಯೊಳಗೆ ತೂರಿಸಿ ಹಿಂದಕ್ಕೆ ಮಡಚುವ ಬಗೆಯದಾದರೆ ಒಂದೇ ಕೈಯಲ್ಲಿ ಎಳೆಯಬಹುದು, ಜಾರುವುದೂ ಕಡಿಮೆ.

ಬ್ರೇಸ್ ಇರುವವರು ಕೊಕ್ಕೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಆಗಾಗ ಉಜ್ಜಿ, ಒಗೆಯುವ ಮುನ್ನ ಪಟ್ಟಿಗಳನ್ನು ಅಂಟಿಸಿಡಿ. ಬಿಸಿಲಿಗೆ ಹಾಕದೆ ನೆರಳಲ್ಲಿ ಒಣಗಿಸಿ. ಮಳೆಗಾಲದ ಮುಂಬಯಿಯಲ್ಲಿ ತೇವ ಉಳಿದರೆ ಚರ್ಮ ಕೆರೆಯುತ್ತದೆ. ತಯಾರಕರು ಬಿಡಿ ಪಟ್ಟಿಗಳನ್ನು ಅಳತೆಗೆ ತಕ್ಕಂತೆ ಮಾರಲಿ, ವೈದ್ಯರು ಚೀಟಿ ಬರೆಯುವಾಗಲೇ ಕಟ್ಟುವ ಕ್ರಮವನ್ನೂ ತೋರಿಸಿಕೊಡಲಿ ಎಂದು ವಿನಂತಿ.

— ಓದುಗರೊಬ್ಬರು, ದಾದರ್ ಪಶ್ಚಿಮ, ಮುಂಬಯಿ