ಬಿಸಿಲನ್ನು ಅರಿಯದವರ ಅಹಿಂಸೆ

ಕಳೆದ ಚೈತ್ರಮಾಸದಲ್ಲಿ ಒಂದು ಕ್ಷೇತ್ರದ ಉತ್ಸವದಲ್ಲಿ ಕಂಡ ದೃಶ್ಯವೇ ಈ ಲೇಖನಕ್ಕೆ ಕಾರಣ. ಮೆರವಣಿಗೆ ಹೊರಡುವ ವೇಳೆಯನ್ನು ಮಧ್ಯಾಹ್ನ 12 ಗಂಟೆಗೆ ಗೊತ್ತುಪಡಿಸಲಾಗಿತ್ತು. ಅಂಗಳಕ್ಕೆ ಹೊಸದಾಗಿ ಹಾಸಿದ ಕರಿಯ ಗ್ರಾನೈಟಿನ ಮೇಲೆ ವೃದ್ಧ ಶ್ರಾವಕಿಯರು ಬರಿಗಾಲಿನಲ್ಲಿ, ಕಾಲು ಬದಲಿಸುತ್ತ ನಿಂತಿದ್ದರು. ವ್ಯವಸ್ಥಾಪಕರೊಬ್ಬರಲ್ಲಿ ಇದನ್ನು ಅರಿಕೆ ಮಾಡಿಕೊಂಡೆ. ಅವರು ಹವಾನಿಯಂತ್ರಿತ ಕಚೇರಿಯಲ್ಲಿ ಕುಳಿತೇ ಮೊಬೈಲ್ ತೆರೆದು, “ಇಂದು 36 ಡಿಗ್ರಿ ಮಾತ್ರ, ಗಾಬರಿಪಡುವಂಥದ್ದೇನಿಲ್ಲ” ಎಂದರು.

36 ಎಂಬ ಅಂಕಿ ಸುಳ್ಳಲ್ಲ. ಆದರೆ ಅದು ಯಾವುದರ ಅಂಕಿ? ಹವಾಮಾನ ಕೇಂದ್ರದಲ್ಲಿ ಉಷ್ಣಮಾಪಕವನ್ನು ಬಿಸಿಲಿಗೆ ಒಡ್ಡುವುದಿಲ್ಲ. ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿ, ಗಾಳಿಯಾಡುವ ಬಿಳಿಯ ಪೆಟ್ಟಿಗೆಯೊಳಗೆ ಇಡುತ್ತಾರೆ. ಅದು ನೆರಳಿನ ಗಾಳಿಯ ಲೆಕ್ಕ. ಬೆಳಗಿನಿಂದ ಬಿಸಿಲು ಹೀರಿದ ಕಲ್ಲಿನ ಲೆಕ್ಕವಲ್ಲ. ನಾನು ವಾಣಿಜ್ಯ ಓದಿದ ವ್ಯಾಪಾರಿ. ಒಂದು ಖಾತೆಯ ಶಿಲ್ಕನ್ನು ಇನ್ನೊಂದು ಖಾತೆಯದೆಂದು ಓದುವವನನ್ನು ನಾನು ಗುಮಾಸ್ತನಾಗಿಯೂ ಇಟ್ಟುಕೊಳ್ಳಲಾರೆ.

ಅಂಕಿಯೊಂದೇ ಸಾಲದೆಂಬುದು 1875ರಲ್ಲಿ ಸ್ಥಾಪಿತವಾದ ಭಾರತೀಯ ಹವಾಮಾನ ಇಲಾಖೆಗೂ ತಿಳಿದಿದೆ. ಬಿಸಿಗಾಳಿಯೆಂದು ಪರಿಗಣಿಸಲು ಗರಿಷ್ಠ ತಾಪಮಾನವು ಬಯಲು ನಾಡಿನಲ್ಲಿ ಕನಿಷ್ಠ 40, ಕರಾವಳಿಯಲ್ಲಿ 37, ಬೆಟ್ಟದ ನಾಡಿನಲ್ಲಿ 30 ಡಿಗ್ರಿ ಮುಟ್ಟಿರಬೇಕೆಂದು ಅದು ಬೇರೆಬೇರೆ ಮಿತಿಗಳನ್ನಿರಿಸಿದೆ. ಮಂಗಳೂರಿನ ತೇವದ ಗಾಳಿಯಲ್ಲಿ ಬೆವರು ಆರದು. ಕಲಬುರಗಿಯ ಬೇಸಗೆಯಲ್ಲಿ ಅದು ಕಾಣುವ ಮೊದಲೇ ಆರಿಹೋಗುತ್ತದೆ. ಈ ವ್ಯತ್ಯಾಸವನ್ನು ನಮ್ಮ ಚರ್ಮವೇ ಕ್ಷಣಮಾತ್ರದಲ್ಲಿ ಹೇಳುತ್ತದೆ. ಆದರೆ ಅದನ್ನು ಕೇಳಲು ಬಾಗಿಲು ದಾಟಿ ಹೊರಗೆ ಬರಬೇಕು.

ಹೊರಗನ್ನು ಗಮನಿಸುವುದು ನಮಗೆ ಹೊಸ ಪಾಠವೇ? ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನವೆಂದು ನಮ್ಮ ಅಜ್ಜಿಯಂದಿರು ಎಣಿಸುತ್ತಿದ್ದರು. ಗಾಳಿಯ ತೇವಕ್ಕೂ ಸೂಕ್ಷ್ಮಜೀವಿಗಳ ಉತ್ಪತ್ತಿಗೂ ಇರುವ ಸಂಬಂಧವನ್ನು ಅಡುಗೆಮನೆಯ ನಿಯಮವಾಗಿಸಿದವರು ನಾವು. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟ, 1432ರಲ್ಲಿ ಪ್ರತಿಷ್ಠಾಪಿತನಾದ ಕಾರ್ಕಳದ ಗೊಮ್ಮಟ, 1604ರ ವೇಣೂರಿನ ಗೊಮ್ಮಟ, ಈ ಮೂವರಿಗೂ ಸೂರಿಲ್ಲ. ಬಳ್ಳಿ ಮೈಗೆ ಹಬ್ಬುವವರೆಗೆ ಬಯಲಲ್ಲಿ ನಿಂತವನನ್ನು ಪೂಜಿಸುವ ನಾವು, ಆತನ ಪಾದದ ಬಳಿಯ ಕಲ್ಲು ಎಷ್ಟು ಕಾದಿದೆಯೆಂದು ಮುಟ್ಟಿ ನೋಡಲಾರೆವೇ?

ಇಲ್ಲಿ ಕೆಲವರು ಒಂದು ವಾದವನ್ನು ಹೂಡುತ್ತಾರೆ: “ಇಪ್ಪತ್ತೆರಡು ಪರೀಷಹಗಳಲ್ಲಿ ಶೀತವೂ ಉಷ್ಣವೂ ಇವೆಯಲ್ಲವೇ? ಬಿಸಿಲನ್ನು ಸಹಿಸುವುದೂ ತಪಸ್ಸೇ.” ಇದು ಕುತರ್ಕ. ಮುನಿಗಳು ಪರೀಷಹವನ್ನು ತಾವಾಗಿ ಸಮಭಾವದಿಂದ ಸಹಿಸುತ್ತಾರೆ. ಆಮಂತ್ರಣ ಪತ್ರಿಕೆಯಲ್ಲಿ ವೇಳೆ ಮುದ್ರಿಸಿ ಇತರರ ಅಂಗಾಲುಗಳ ಮೇಲೆ ಅದನ್ನು ಹೇರುವುದು ತಪಸ್ಸಲ್ಲ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಡುತ್ತದೆ. ನೋಡಬಹುದಾಗಿದ್ದುದನ್ನು ನೋಡದಿರುವುದು ಪ್ರಮಾದವಲ್ಲದೆ ಮತ್ತೇನು?

ಪ್ರಮಾದದ ಫಲವುಣ್ಣುವವರು ಮನುಷ್ಯರು ಮಾತ್ರವಲ್ಲ. ಮುಂಗಾರಿನ ಮೊದಲ ಮಳೆ ಬಿದ್ದು, ಗಾಳಿ ನಿಂತು, ಸಂಜೆ ಬೆಚ್ಚಗೆ ತೇವಗೊಂಡಿದ್ದರೆ, ನೆಲದಿಂದ ರೆಕ್ಕೆಯ ಗೆದ್ದಲುಗಳು ಏಳುವ ಸಂಭವವುಂಟು. ಇದು ಹಳ್ಳಿಯ ಮಕ್ಕಳಿಗೂ ಗೊತ್ತು. ಅಂಥ ಸಂಜೆಯಲ್ಲೇ ಬಸದಿಯ ಶಿಖರಕ್ಕೆ ಪ್ರಖರವಾದ ದೀಪಗಳನ್ನು ಹೊತ್ತಿಸುತ್ತೇವೆ. ಬೆಳಗ್ಗೆ ಮಾನಸ್ತಂಭದ ಸುತ್ತ ರೆಕ್ಕೆಗಳನ್ನು ಗುಡಿಸಿ ರಾಶಿ ಹಾಕುತ್ತೇವೆ. ಅನಂತರ ಒಳಗೆ ಹೋಗಿ ಜೀವದಯೆಯ ಪ್ರವಚನ ಕೇಳುತ್ತೇವೆ. ಸಂಜೆ ಅಂಗಳದಲ್ಲಿ ನಿಂತು ಆಕಾಶ ನೋಡುವವನೊಬ್ಬ ಟ್ರಸ್ಟಿನಲ್ಲಿದ್ದಿದ್ದರೆ ದೀಪ ಆರುತ್ತಿತ್ತು; ಅಷ್ಟು ಜೀವಗಳು ಉಳಿಯುತ್ತಿದ್ದವು.

ಹಾಗಾದರೆ ಹವಾಮಾನ ಮುನ್ಸೂಚನೆಯೇ ಬೇಡವೇ? ಖಂಡಿತ ಬೇಕು. ನಾಳೆಯ ಬಿಸಿಗಾಳಿಯನ್ನೂ ದೂರದ ಸಮುದ್ರದ ಚಂಡಮಾರುತವನ್ನೂ ನಮ್ಮ ಚರ್ಮ ಹೇಳಲಾರದು. ಇಲಾಖೆ ಹೇಳುತ್ತದೆ, ಅದರಿಂದ ಪ್ರಾಣಗಳು ಉಳಿಯುತ್ತವೆ. ನನ್ನ ಆಕ್ಷೇಪವಿರುವುದು ಮುನ್ಸೂಚನೆಯ ಮೇಲಲ್ಲ. ಅದನ್ನು ನೆಪ ಮಾಡಿಕೊಂಡು ಕಣ್ಣು ಮುಚ್ಚುವ ಸೋಮಾರಿತನದ ಮೇಲೆ.

ಆದುದರಿಂದ ಟ್ರಸ್ಟುಗಳ ಪದಾಧಿಕಾರಿಗಳಲ್ಲಿ ನನ್ನ ಬೇಡಿಕೆ ಸರಳವಾದುದು. ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ, ತಾವು ಗೊತ್ತುಪಡಿಸಿದ ವೇಳೆಗೇ, ಎಲ್ಲರೂ ಬರಿಗಾಲಿನಲ್ಲಿ ಅಂಗಳದ ನಡುವೆ ಹತ್ತು ನಿಮಿಷ ನಿಲ್ಲಲಿ. ಗ್ರಾನೈಟಿಗೆಂದು ಕಡಿದ ಹೊಂಗೆಯ ಜಾಗದಲ್ಲಿ ಮತ್ತೊಂದು ಹೊಂಗೆಯನ್ನು ನೆಡಲಿ. ಮೊದಲ ಮಳೆಯ ಸಂಜೆಗಳಲ್ಲಿ ಶಿಖರದ ದೀಪವನ್ನು ಆರಿಸುವ ಹೊಣೆಯನ್ನು ಒಬ್ಬರಿಗೆ ಹೆಸರಿಟ್ಟು ವಹಿಸಲಿ. ಇದಕ್ಕೆ ದೇಣಿಗೆ ಸಂಗ್ರಹಿಸಬೇಕಾಗಿಲ್ಲ. ಹತ್ತು ನಿಮಿಷ ನಿಂತ ಬಳಿಕವೂ 12 ಗಂಟೆಯೇ ಸರಿಯೆಂದು ತೋರಿದರೆ, ಹಾಗೆಯೇ ಮುದ್ರಿಸಲಿ. ನಾನು ಮತ್ತೆ ಬರೆಯುವುದಿಲ್ಲ.