ಬಾಡಿಗೆಯೂ ಬೇಡ, ಕಳವೂ ಬೇಡ

ಮದುವೆ, ನಾಮಕರಣ, ಗೃಹಪ್ರವೇಶ, ಜಾತ್ರೆಗಳ ಫೋಟೊ ತೆಗೆದು ಹೊಟ್ಟೆ ಹೊರೆಯುವವರು ನಾವು. ನಮ್ಮಲ್ಲಿ ಸ್ಟುಡಿಯೊ ಮಾಲೀಕರಿದ್ದಾರೆ, ದಿನದ ಲೆಕ್ಕದಲ್ಲಿ ಕ್ಯಾಮೆರಾ ಹಿಡಿಯುವ ಹುಡುಗರಿದ್ದಾರೆ, ರಾತ್ರಿಯಿಡೀ ಕೂತು ಆಲ್ಬಂ ಡಿಸೈನ್ ಮಾಡುವ ಹೆಣ್ಣುಮಕ್ಕಳಿದ್ದಾರೆ, ಲಗ್ನಪತ್ರಿಕೆ, ಫ್ಲೆಕ್ಸ್ ಮಾಡಿಕೊಡುವವರಿದ್ದಾರೆ. ಸಾಲ ಮಾಡಿ ಕೊಂಡದ್ದಾದರೂ ನಮ್ಮ ಕ್ಯಾಮೆರಾ ನಮ್ಮದು, ಲೆನ್ಸ್ ನಮ್ಮದು. ಫೋಟೊ ತಿದ್ದುವ ಸಾಫ್ಟ್‌ವೇರ್ ಮಾತ್ರ ನಮ್ಮದಲ್ಲ. ಕೆಲವರು ಅದಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಾರೆ, ಮಿಕ್ಕವರು ಕ್ರ್ಯಾಕ್, ಅಂದರೆ ಬೀಗ ಮುರಿದ ಕದ್ದ ಪ್ರತಿ, ಹಾಕಿಕೊಂಡಿದ್ದಾರೆ. ಈ ಎರಡರಿಂದಲೂ ಹೊರಬರಬೇಕೆಂದು ನಾವು ತೀರ್ಮಾನಿಸಿದ್ದೇವೆ. ಈ ಚಳವಳಿ ಅದಕ್ಕಾಗಿ.

ಫೋಟೊಶಾಪ್ ಮೇಲೆ ನಮಗೆ ದ್ವೇಷವಿಲ್ಲ. ಥಾಮಸ್ ನಾಲ್ ಮತ್ತು ಜಾನ್ ನಾಲ್ ಎಂಬ ಅಣ್ಣತಮ್ಮಂದಿರು ಬರೆದ, 1990ರಲ್ಲಿ ಅಡೋಬಿ ಕಂಪನಿ ಮಾರುಕಟ್ಟೆಗೆ ತಂದ ಆ ಸಾಫ್ಟ್‌ವೇರ್ ನಮ್ಮ ಕಸುಬನ್ನೇ ಬದಲಿಸಿತು. ಅದರ ಸಾಮರ್ಥ್ಯಕ್ಕೆ ತಲೆಬಾಗುತ್ತೇವೆ. ನಮ್ಮ ತಕರಾರು ಇರುವುದು ಅದನ್ನು ಮಾರುವ ಬಗೆಯಲ್ಲಿ. 2013ರ ಮೇ ತಿಂಗಳವರೆಗೆ ದುಡ್ಡು ಕೂಡಿಟ್ಟು ಒಮ್ಮೆ ಕೊಂಡರೆ ಆ ಆವೃತ್ತಿ ಬೇಕಾದಷ್ಟು ವರ್ಷ ನಮ್ಮದಾಗಿರುತ್ತಿತ್ತು. ಆ ತಿಂಗಳು ಕಂಪನಿ, ಇನ್ನು ಮುಂದಿನ ಆವೃತ್ತಿಗಳು ಚಂದಾದಾರರಿಗೆ ಮಾತ್ರ ಎಂದು ಘೋಷಿಸಿತು. ಹೀಗೆ ಒಂದೇ ಸಲಕ್ಕೆ ಕೊಳ್ಳಬಹುದಾಗಿದ್ದ ಕೊನೆಯ ಫೋಟೊಶಾಪ್ 2012ರ ಸಿಎಸ್6, ಅದೇ ಕಂಪನಿಯ ಲೈಟ್‌ರೂಮ್ ಇನ್ನಷ್ಟು ಕಾಲ ಹಾಗೆ ಸಿಕ್ಕಿತು, ಅದರಲ್ಲಿ ಕೊನೆಯದು 2015ರ ಆರನೇ ಆವೃತ್ತಿ.

ಬಾಡಿಗೆ ಎಂದ ಮೇಲೆ ಮಾಲೀಕನ ಮಾತೇ ನಡೆಯುವುದು. 2019ರ ಅಕ್ಟೋಬರ್‌ನಲ್ಲಿ ಅಮೆರಿಕ ಸರ್ಕಾರದ ನಿರ್ಬಂಧದ ಕಾರಣ ಕೊಟ್ಟು ಅಡೋಬಿಯು ವೆನೆಜುವೆಲಾದ ಗ್ರಾಹಕರ ಖಾತೆಗಳನ್ನೆಲ್ಲ ಮುಚ್ಚುವುದಾಗಿ ಹೇಳಿತು. ಆಮೇಲೆ ವಿಶೇಷ ಅನುಮತಿ ಸಿಕ್ಕಿ ಆ ತೀರ್ಮಾನ ಹಿಂದೆ ಸರಿಯಿತು, ನಿಜ. ಆದರೆ ಎರಡು ದೇಶಗಳ ಜಗಳದಲ್ಲಿ ಯಾವುದೋ ಊರಿನ ಫೋಟೊಗ್ರಾಫರ್ ಒಂದು ಬೆಳಿಗ್ಗೆ ಎದ್ದು ಕೆಲಸ ಕಳೆದುಕೊಳ್ಳಬಹುದು ಎಂಬುದು ಅಲ್ಲಿಗೆ ಎಲ್ಲರಿಗೂ ಗೊತ್ತಾಯಿತು. ತಿಂಗಳಿಗೆ 9.99 ಡಾಲರ್ ಇದ್ದ ಫೋಟೊಗ್ರಫಿ ಪ್ಲಾನನ್ನು 2025ರ ಜನವರಿಯಿಂದ ಹೊಸಬರಿಗೆ ಕೊಡುವುದು ನಿಂತಿತು. ತಿಂಗಳ ಲೆಕ್ಕದಲ್ಲಿ ಕಟ್ಟುತ್ತಿದ್ದ ಹಳಬರಿಗೆ ಅದು 14.99 ಡಾಲರ್ ಆಯಿತು. ವರ್ಷದ ಒಪ್ಪಂದವನ್ನು ನಡುವೆ ಮುರಿದರೆ ಕಟ್ಟಬೇಕಾದ ಶುಲ್ಕವನ್ನು ಗ್ರಾಹಕರ ಕಣ್ಣಿಗೆ ಬೀಳದಂತೆ ಮುಚ್ಚಿಟ್ಟಿದೆ ಎಂದು ಆರೋಪಿಸಿ ಅಮೆರಿಕ ಸರ್ಕಾರವೇ 2024ರ ಜೂನ್‌ನಲ್ಲಿ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು.

ಕಂತು ನಿಂತರೆ ಏನಾಗುತ್ತದೆ ನೋಡಿ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಫೋಟೊಗಳು ಕಾಣುತ್ತವೆ, ಹೊರಗೆ ತೆಗೆಯಲೂ ಬರುತ್ತದೆ. ಬಣ್ಣ, ಬೆಳಕು ತಿದ್ದುವ ಡೆವಲಪ್ ವಿಭಾಗಕ್ಕೆ ಬೀಗ ಬೀಳುತ್ತದೆ. ಐದು ವರ್ಷ ಕೂತು ಮಾಡಿದ ತಿದ್ದುಪಡಿಗಳು ಕಣ್ಣೆದುರಿಗಿದ್ದರೂ ಆ ವಿಭಾಗದಲ್ಲಿ ಅವುಗಳನ್ನು ಮತ್ತೆ ತಿದ್ದಬೇಕೆಂದರೆ ಮತ್ತೆ ಬಾಡಿಗೆ ಕಟ್ಟಬೇಕು. ವರ್ಷದ ಹನ್ನೆರಡೂ ತಿಂಗಳು ಸಂಬಳ ಬರುವವರಿಗೆ ಇದು ದೊಡ್ಡ ವಿಷಯವಲ್ಲದಿರಬಹುದು. ಮುಹೂರ್ತ ಇದ್ದಾಗ ದುಡಿದು, ಇಲ್ಲದಾಗ ಕೈಕಟ್ಟಿ ಕೂರುವವರಿಗೆ ಪ್ರತಿ ತಿಂಗಳ ಕಂತು ದೊಡ್ಡ ಹೊರೆ.

ಈಗ ಕ್ರ್ಯಾಕ್ ವಿಷಯ. ಇಲ್ಲಿ ನಮ್ಮವರೇ ನಮ್ಮ ಮೇಲೆ ಸಿಟ್ಟಾಗಬಹುದು, ಆದರೂ ಹೇಳಲೇಬೇಕು. ‘ದೊಡ್ಡ ಕಂಪನಿ, ನಾವು ಬಡವರು, ಕದ್ದರೆ ಅವರಿಗೇನು ನಷ್ಟ’ ಎನ್ನುವ ಮಾತನ್ನು ಈ ಚಳವಳಿ ಒಪ್ಪುವುದಿಲ್ಲ. 1957ರ ಕಾಪಿರೈಟ್ ಕಾಯ್ದೆಯ 63ಬಿ ಸೆಕ್ಷನ್ ಪ್ರಕಾರ, ಅಕ್ರಮ ಪ್ರತಿ ಎಂದು ಗೊತ್ತಿದ್ದೂ ಬಳಸಿದವರಿಗೆ 7 ದಿನದಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ ಬಳಸದವರಿಗೆ ಕೋರ್ಟು ಜೈಲು ಬಿಡಬಹುದು. ಬೋರ್ಡು ಹಾಕಿ ಅಂಗಡಿ ನಡೆಸುವ ನಾವು ಹಾಗೆ ಹೇಳಿಕೊಳ್ಳುವಂತಿಲ್ಲ. ಕಾನೂನಿಗಿಂತ ಹತ್ತಿರದ ಅಪಾಯ ವೈರಸ್ಸಿನದು. ಸ್ಟಾಪ್-ಡಿಜೆವಿಯು ಎಂಬ ರ್‍ಯಾನ್ಸಮ್‌ವೇರ್ ಹರಡಿದ್ದೇ ಮುಖ್ಯವಾಗಿ ಕ್ರ್ಯಾಕ್ ಫೈಲುಗಳ ಮೂಲಕ. ಅದು ಹಾರ್ಡ್ ಡಿಸ್ಕಿನ ಫೋಟೊಗಳನ್ನೆಲ್ಲ ಲಾಕ್ ಮಾಡಿ, ಬಿಡಿಸಲು 980 ಡಾಲರ್ ಕೇಳುತ್ತಿತ್ತು, 72 ಗಂಟೆಯೊಳಗೆ ಕೊಟ್ಟರೆ ಅರ್ಧ. ಬೇರೊಬ್ಬರ ಮನೆಯ ಧಾರೆಯ ಫೋಟೊ ನಮ್ಮ ಕಂಪ್ಯೂಟರಿನಲ್ಲಿ ಹೀಗೆ ಹೋದರೆ ಆ ತಂದೆತಾಯಿಗೆ ಏನು ಉತ್ತರ ಕೊಡುತ್ತೇವೆ? ಮದುವೆಯನ್ನು ಮತ್ತೊಮ್ಮೆ ಮಾಡಿಸಲು ಆಗುವುದಿಲ್ಲ.

ಇವೆರಡಕ್ಕಿಂತ ಆಳದ ಪೆಟ್ಟು ಬೇರೆ ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕದ್ದ ಪ್ರತಿಯಲ್ಲಿ ಕಲಿತ ಹುಡುಗನಿಗೆ ಬರುವುದು ಆ ಒಂದೇ ಸಾಫ್ಟ್‌ವೇರ್. ಅವನು ಸ್ಟುಡಿಯೊ ಇಟ್ಟಾಗ ‘ಫೋಟೊಶಾಪ್ ಬರುವವರು ಬೇಕು’ ಎಂದು ಬಾಗಿಲಿಗೆ ಚೀಟಿ ಅಂಟಿಸುತ್ತಾನೆ. ಟೆಂಪ್ಲೇಟ್ ಮಾರುವವರು ಫೋಟೊಶಾಪ್‌ನ ಪಿಎಸ್‌ಡಿ ಫೈಲಿನಲ್ಲೇ ಮಾರುತ್ತಾರೆ. ತರಬೇತಿ ಕೇಂದ್ರದವರು ಅದನ್ನೇ ಕಲಿಸುತ್ತಾರೆ. ಹೀಗೆ ಒಂದು ಪೈಸೆ ಖರ್ಚಿಲ್ಲದೆ ಕಂಪನಿಗೆ ನಾವೇ ಒಂದಿಡೀ ಪೀಳಿಗೆಯನ್ನು ತಯಾರು ಮಾಡಿ ಕೊಟ್ಟಿದ್ದೇವೆ. ಕ್ರ್ಯಾಕ್ ಆ ಕಂಪನಿಯ ಬುಡ ಅಲ್ಲಾಡಿಸಲಿಲ್ಲ. ಬುಡಕ್ಕೆ ನೀರು ಹೊಯ್ದಿತು. ಬೇರೆ ಸಾಫ್ಟ್‌ವೇರ್ ಬೆಳೆಯಲು ಬೇಕಿದ್ದ ಬಳಕೆದಾರರು ನಾವು. ನಾವು ಆ ಕಡೆ ಹೋಗಲೇ ಇಲ್ಲ.

ನಮ್ಮ ಫೋಟೊವನ್ನು ಯಾರಾದರೂ ಕೇಳದೆ ಎತ್ತಿಕೊಂಡು ಫ್ಲೆಕ್ಸಿಗೆ ಹಾಕಿಸಿದರೆ ನಾವು ಜಗಳಕ್ಕೆ ಹೋಗುತ್ತೇವೆ. ಆ ಜಗಳ ನ್ಯಾಯದ್ದೇ. ಅದಕ್ಕೆ ಬಲ ಬರಬೇಕಾದರೆ ನಮ್ಮ ಮೇಜಿನ ಮೇಲಿನ ಕಂಪ್ಯೂಟರ್ ಶುದ್ಧವಾಗಿರಬೇಕು.

ಕ್ರ್ಯಾಕ್‌ನ ಇನ್ನೊಂದು ಪರಿಣಾಮ ನಮ್ಮ ನುಡಿಯ ಮೇಲಾಗಿದೆ. 2002ರ ಫೋಟೊಶಾಪ್ 7.0 ಇವತ್ತಿಗೂ ಎಷ್ಟೋ ಅಂಗಡಿಗಳಲ್ಲಿ ಓಡುತ್ತಿದೆ. ಅದರಲ್ಲಿ ಯೂನಿಕೋಡ್‌ನಲ್ಲಿ ‘ಸುಸ್ವಾಗತ’ ಎಂದು ಹಾಕಿದರೆ ವ-ಒತ್ತು ಕೆಳಗೆ ಕೂರದೆ ಅಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಅದಕ್ಕೇ ಹಳೇ ‘ನುಡಿ’ ಫಾಂಟಿನಲ್ಲಿ ಟೈಪ್ ಮಾಡುವುದು ರೂಢಿಯಾಯಿತು. ಕಂಪ್ಯೂಟರಿನ ಮಟ್ಟಿಗೆ ಅದು ಕನ್ನಡವೇ ಅಲ್ಲ, ಕನ್ನಡದ ವೇಷ ಹಾಕಿದ ರೋಮನ್ ಅಕ್ಷರಗಳು. ಆ ಫಾಂಟ್ ಇಲ್ಲದ ಕಡೆ ತೆರೆದರೆ ವಧೂವರರ ಹೆಸರು ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಈಗಿನ ಫೋಟೊಶಾಪ್‌ನಲ್ಲಿ ಸೆಟ್ಟಿಂಗ್ ಬದಲಿಸಿಕೊಂಡರೆ ಕನ್ನಡ ಸರಿಯಾಗಿ ಬರುತ್ತದೆ, ಅದಕ್ಕೆ ಬಾಡಿಗೆ ಕಟ್ಟಬೇಕು. ಫೋಟೊ ತಿದ್ದುವ ಉಚಿತ ಸಾಫ್ಟ್‌ವೇರ್ ಗಿಂಪ್‌ನಲ್ಲಿ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಅಕ್ಷರ ಜೋಡಿಸುವುದರಿಂದ ‘ಸುಸ್ವಾಗತ’ವಾಗಲಿ ‘ಧಾರ್ಮಿಕ’ವಾಗಲಿ ಒತ್ತು, ಅರ್ಕಾವತ್ತು ಸಮೇತ ನೆಟ್ಟಗೆ ಕೂರುತ್ತವೆ. ಬಾಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ, ನವಿಲು, ಗುಬ್ಬಿಯಂಥ ಚೆಂದದ ಫಾಂಟುಗಳೂ ಮುಕ್ತವಾಗಿ ಸಿಗುತ್ತವೆ.

ಹಾಗಾದರೆ ಬದಲಿ ಏನು? ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶಗಳು. ರಾ ಫೈಲ್ ತಿದ್ದಲು ಡಾರ್ಕ್‌ಟೇಬಲ್ ಇದೆ, ರಾಥೆರಪಿ ಇದೆ. ಸಾವಿರಾರು ಫೋಟೊ ಒಪ್ಪ ಮಾಡಿಡಲು ಡಿಜಿಕ್ಯಾಮ್. ಲಗ್ನಪತ್ರಿಕೆ, ಫ್ಲೆಕ್ಸ್ ಕೆಲಸಕ್ಕೆ ಇಂಕ್‌ಸ್ಕೇಪ್ ಮತ್ತು ಸ್ಕ್ರೈಬಸ್. ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಶುರು ಮಾಡಿದ ಗಿಂಪ್ 2025ರ ಮಾರ್ಚ್‌ನಲ್ಲಿ ಮೂರನೇ ಆವೃತ್ತಿಗೆ ಬಂದಿದೆ. ಹಾಕಿದ ಫಿಲ್ಟರನ್ನು ಆಮೇಲೆ ಬದಲಿಸುವ ಸೌಲಭ್ಯ ಈಗ ಅದರಲ್ಲೂ ಇದೆ. ಡಾರ್ಕ್‌ಟೇಬಲ್ ಬಗ್ಗೆ ಒಂದು ಮಾತು. ಈಗಿನ ಮಂಟಪಗಳ ನೇರಳೆ ಎಲ್‌ಇಡಿ ದೀಪ ನಮ್ಮ ದೊಡ್ಡ ಶತ್ರು: ಮುಖವೆಲ್ಲ ನೀಲಿ, ಅರಿಶಿನದ ಬಣ್ಣ ಸತ್ತಿರುತ್ತದೆ. ಡಾರ್ಕ್‌ಟೇಬಲ್‌ನ ಕಲರ್ ಕ್ಯಾಲಿಬ್ರೇಶನ್‌ನಲ್ಲಿ ಮಾಸ್ಕ್ ಹಾಕಿ ದೀಪ ಬಿದ್ದ ಭಾಗಕ್ಕೆ ಬೇರೆ, ಉಳಿದದ್ದಕ್ಕೆ ಬೇರೆ ಬಿಳಿ ಸಮತೋಲ ಕೊಡಬಹುದು. ಒಂದು ಫೋಟೊದಲ್ಲಿ ಸರಿ ಮಾಡಿದ್ದನ್ನು ಅದೇ ಬೆಳಕಿನ ನೂರಾರು ಫೋಟೊಗಳಿಗೆ ಒಟ್ಟಿಗೆ ಅಂಟಿಸಬಹುದು.

ಕೊರತೆಗಳನ್ನು ಮುಚ್ಚಿಟ್ಟು ಯಾರನ್ನೂ ಕರೆಯುವುದಿಲ್ಲ. 12x36 ಇಂಚಿನ ಆಲ್ಬಂ ಹಾಳೆ ಎಂದರೆ 300 ಡಿಪಿಐನಲ್ಲಿ 10,800 x 3,600 ಪಿಕ್ಸೆಲ್. ಹತ್ತಾರು ಲೇಯರ್ ಹಾಕಿದರೆ ಹಳೇ ಕಂಪ್ಯೂಟರಿನಲ್ಲಿ ಗಿಂಪ್ ತಿಣುಕುತ್ತದೆ. ಪಿಎಸ್‌ಡಿ ಟೆಂಪ್ಲೇಟ್ ತೆರೆದುಕೊಳ್ಳುತ್ತದೆ, ಕೆಲವು ಎಫೆಕ್ಟುಗಳು ಉಳಿಯುವುದಿಲ್ಲ. ಮುದ್ರಣಕ್ಕೆ ಬೇಕಾದ ಸಿಎಂವೈಕೆ ಬಣ್ಣಕ್ರಮದಲ್ಲಿ ಗಿಂಪ್ ಇನ್ನೂ ಹಿಂದಿದೆ. ಅದಕ್ಕೆ ಕ್ರಿತಾ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಅಥವಾ ಸ್ಕ್ರೈಬಸ್ ಬೇಕು. ಶಾರ್ಟ್‌ಕಟ್ಟುಗಳು ಬೇರೆಯಾದ್ದರಿಂದ ಮೊದಲ ಕೆಲವು ವಾರ ಕೈ ಓಡುವುದಿಲ್ಲ.

ದುಡ್ಡು ಕೊಟ್ಟು ಕೊಳ್ಳುವುದಕ್ಕೂ ನಮ್ಮ ವಿರೋಧವಿಲ್ಲ. ಒಮ್ಮೆ ಕೊಂಡು ಇಟ್ಟುಕೊಳ್ಳುವ ಡಿಎಕ್ಸ್‌ಒ ಫೋಟೊಲ್ಯಾಬ್‌ನಂಥವು ಇವೆ, ಶಕ್ತಿಯಿರುವವರು ಕೊಳ್ಳಲಿ. ಅಫಿನಿಟಿಯ ಕಥೆಯನ್ನು ಮಾತ್ರ ನೆನಪಿಡಿ. ಇಂಗ್ಲೆಂಡಿನ ಸೆರಿಫ್ ಕಂಪನಿ ಚಂದಾ ಇಲ್ಲದೆ ಮಾರುತ್ತಿದ್ದ ಆ ಸಾಫ್ಟ್‌ವೇರನ್ನು 2024ರಲ್ಲಿ ಕ್ಯಾನ್ವಾ ಕೊಂಡಿತು. 2025ರ ಅಕ್ಟೋಬರ್‌ನಿಂದ ಅದು ಉಚಿತ, ಆದರೆ ಕ್ಯಾನ್ವಾ ಖಾತೆ ಬೇಕು. ಬಳಸಿ, ಒಳ್ಳೆಯ ಸಾಫ್ಟ್‌ವೇರ್. ಅಂಗಡಿಯ ಬದುಕನ್ನೆಲ್ಲ ಅದೊಂದಕ್ಕೇ ಕಟ್ಟಿಹಾಕಬೇಡಿ. ಇವತ್ತಿನ ಉಚಿತ ನಾಳೆಯೂ ಉಚಿತ ಎಂದು ಬರೆದುಕೊಟ್ಟವರಿಲ್ಲ. ಮುಕ್ತ ತಂತ್ರಾಂಶದ ಲೈಸೆನ್ಸಿನಲ್ಲಿ ಆ ಮಾತು ಬರೆದೇ ಇರುತ್ತದೆ: ಬಿಡುಗಡೆಯಾದ ಕೋಡನ್ನು ಯಾರೂ ಹಿಂದಕ್ಕೆ ಕಿತ್ತುಕೊಳ್ಳಲಾಗದು.

ಪಕ್ಕದ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಗಿಂಪ್, ಇಂಕ್‌ಸ್ಕೇಪ್ ಕಲಿತು ಹೊರಬರುತ್ತಿದ್ದಾರೆ. ನಮ್ಮ ಐಟಿಐ, ಪಾಲಿಟೆಕ್ನಿಕ್, ಮೈಸೂರಿನ ಕಾವಾದಂಥ ಕಲಾ ಸಂಸ್ಥೆಗಳು ಮಕ್ಕಳಿಗೆ ಕರ್ವ್ಸ್ ಎಂದರೇನು, ಮಾಸ್ಕ್ ಎಂದರೇನು ಎಂದು ಕಲಿಸಲಿ, ಒಂದು ಕಂಪನಿಯ ಮೆನುವನ್ನಲ್ಲ. ಸರ್ಕಾರಿ ನೇಮಕಾತಿಯಲ್ಲಿ, ಟೆಂಡರಿನಲ್ಲಿ ಬ್ರ್ಯಾಂಡ್ ಹೆಸರು ಬರೆಯುವುದು ನಿಲ್ಲಲಿ. ಕಂಪನಿಗಳನ್ನು ಕೇಳುವುದು ಇಷ್ಟು: ಒಮ್ಮೆ ಕೊಳ್ಳುವ ಆಯ್ಕೆಯನ್ನು ಮತ್ತೆ ಕೊಡಿ, ಚಂದಾ ಬಿಡುವುದನ್ನು ಸೇರುವಷ್ಟೇ ಸುಲಭ ಮಾಡಿ, ಕಂತು ನಿಂತ ಮೇಲೂ ನಮ್ಮ ಕೆಲಸವನ್ನು ನಾವು ತಿದ್ದುವಂತಿರಲಿ.

ನಾವು ಮಾಡುವುದೇನು? ಕ್ರ್ಯಾಕ್ ಪ್ರತಿಯನ್ನು ಹಾಕಿಕೊಡುವುದಿಲ್ಲ, ಹಂಚುವುದಿಲ್ಲ, ಶಿಷ್ಯರಿಗೆ ಅದರಲ್ಲಿ ಕಲಿಸುವುದಿಲ್ಲ. ಗಿರಾಕಿಗೆ ಕೊಡುವ ಅಂತಿಮ ಪ್ರತಿಯನ್ನು ಎಲ್ಲಿ ಬೇಕಾದರೂ ತೆರೆಯುವ ಜೆಪೆಗ್, ಟಿಫ್ ರೂಪದಲ್ಲಿ ಇಡುತ್ತೇವೆ. ನಮ್ಮ ಆಲ್ಬಂ ಟೆಂಪ್ಲೇಟುಗಳನ್ನು ಮುಕ್ತವಾಗಿ ಹಂಚುತ್ತೇವೆ, ಡಾರ್ಕ್‌ಟೇಬಲ್‌ಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತೇವೆ. ಬಾಡಿಗೆ ಬಿಟ್ಟು ಉಳಿಸಿದ್ದರಲ್ಲಿ ಒಂದು ಪಾಲನ್ನು ಈ ತಂತ್ರಾಂಶಗಳನ್ನು ಕಟ್ಟುವವರಿಗೆ ಕಳಿಸುತ್ತೇವೆ, ಏಕೆಂದರೆ ಬಿಟ್ಟಿ ಸಿಕ್ಕಿತೆಂದು ಅವರ ದುಡಿಮೆಯನ್ನು ಮರೆತರೆ ನಾವೂ ಕಳ್ಳರೇ.

ಸೀಸನ್ ನಡುವೆ ಸಾಫ್ಟ್‌ವೇರ್ ಬದಲಿಸಿ ಎಂದು ಯಾರಿಗೂ ಹೇಳುವುದಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲ, ಅಂಗಡಿ ಖಾಲಿ. ಆ ತಿಂಗಳು ತಾಲ್ಲೂಕಿಗೊಂದು ಸ್ಟುಡಿಯೊದಲ್ಲಿ ಕೂತು ಕಲಿಯೋಣ. ಹಿಂದಿನ ಸೀಸನ್ನಿನ ಒಂದು ಮದುವೆಯ ರಾ ಫೈಲುಗಳನ್ನು ಹಾರ್ಡ್ ಡಿಸ್ಕಿನಲ್ಲಿ ತನ್ನಿ, ಜೊತೆಗೆ ನಿಮ್ಮ ಅಂಗಡಿಯ ಹುಡುಗ ಹುಡುಗಿಯರನ್ನೂ ಕರೆತನ್ನಿ. ಶುಲ್ಕವಿಲ್ಲ. ಶ್ರಾವಣದ ಮೊದಲ ಆಲ್ಬಂ ಮುಕ್ತ ತಂತ್ರಾಂಶದಲ್ಲೇ ಪ್ರಿಂಟಿಗೆ ಹೋಗಬೇಕು.