ಶನಿವಾರವಾಡೆಯ ಬಾಗಿಲಲ್ಲಿ ನಮ್ಮ ಮಕ್ಕಳು

ಈ ನಗರದ ಉಪನಗರವೊಂದರ ಕನ್ನಡ ಪ್ರಾಥಮಿಕ ಶಾಲೆಯ ನಾಲ್ಕನೆಯ ಇಯತ್ತೆಯ ಮಕ್ಕಳು ಕಳೆದ ವಾರ ಪುಣೆಗೆ ಪ್ರವಾಸ ಹೋಗಿ ಶನಿವಾರವಾಡೆಯನ್ನು ಕಂಡು ಬಂದ ವಾರ್ತೆಯನ್ನು ವಾಚಕರು ನಮ್ಮ ಪತ್ರಿಕೆಯಲ್ಲಿ ಓದಿರುವರು. ವಾರ್ತೆ ಸಣ್ಣದು. ಆದರೆ ಅದನ್ನು ಓದಿ ಇಬ್ಬರು ಮಹನೀಯರು ನಮಗೆ ಪತ್ರ ಬರೆದಿದ್ದಾರೆ. ಪೇಶ್ವೆಯರ ವಾಡೆಗೂ ಕನ್ನಡದ ಮಕ್ಕಳಿಗೂ ಏನು ಸಂಬಂಧ, ಹಂಪೆಯನ್ನು ತೋರಿಸಬಾರದಿತ್ತೇ ಎಂಬುದು ಒಬ್ಬರ ಪ್ರಶ್ನೆ. ಮುರಿದ ಗೋಡೆಗಳನ್ನು ತೋರಿಸಲು ಮುನ್ನೂರು ಕಿಲೋಮೀಟರು ಅಲೆಸುವುದಕ್ಕಿಂತ ನೀರಾಟದ ಉದ್ಯಾನಕ್ಕೆ ಕರೆದೊಯ್ದಿದ್ದರೆ ಮಕ್ಕಳು ನಲಿಯುತ್ತಿದ್ದರು ಎಂಬುದು ಇನ್ನೊಬ್ಬರ ಅಭಿಪ್ರಾಯ. ಎರಡಕ್ಕೂ ಉತ್ತರ ಕೊಡುವುದು ನಮ್ಮ ಕರ್ತವ್ಯ.

ಮೊದಲನೆಯದಾಗಿ, ಸಂಬಂಧವಿಲ್ಲವೆಂಬ ಮಾತು ಸರಿಯಲ್ಲ. ಒಂದನೆಯ ಬಾಜೀರಾಯನು 1730ರಲ್ಲಿ ಅಡಿಪಾಯವಿಕ್ಕಿಸಿ 1732ರಲ್ಲಿ ಪ್ರವೇಶ ಮಾಡಿದ ಈ ವಾಡೆ, ಬರಿಯ ವಾಸದ ಮನೆಯಾಗಿರಲಿಲ್ಲ. ಛತ್ರಪತಿಯ ಸಿಂಹಾಸನ ಸಾತಾರೆಯಲ್ಲಿದ್ದರೂ ರಾಜ್ಯಭಾರದ ಲೇಖಣಿ ಇದ್ದುದು ಇಲ್ಲಿ. ಹದಿನೆಂಟನೆಯ ಶತಮಾನದಲ್ಲಿ ಧಾರವಾಡ, ಬೆಳಗಾವಿ, ಬಾದಾಮಿಗಳ ಸೀಮೆಯ ಬಹುಭಾಗ ಒಂದಲ್ಲ ಒಂದು ಕಾಲದಲ್ಲಿ ಪುಣೆಯ ಆಜ್ಞೆಗೆ ಒಳಪಟ್ಟಿತ್ತು. 1817-18ರಲ್ಲಿ ಪೇಶ್ವಾಯಿ ಅಳಿದು ಆ ಸೀಮೆ ಆಂಗ್ಲರ ಕೈಸೇರಿತು. ಕ್ರಮೇಣ ಮುಂಬಯಿ ಪ್ರಾಂತದ ಅಂಗವಾಯಿತು. 1956ರ ನವೆಂಬರ್ 1ರ ತನಕ ಮುಂಬಯಿಗೇ ಅಂಟಿಕೊಂಡಿತ್ತು. ಧಾರವಾಡದ ರೈತನ ಮಗ ಮುಂಬಯಿಯ ಕಡೆಗೆ ಮುಖ ಮಾಡಿದುದಕ್ಕೆ ಹೊಟ್ಟೆಪಾಡಿನ ಜೊತೆಗೆ ಈ ಇತಿಹಾಸವೂ ಒಂದು ಕಾರಣ. ಇನ್ನು ಶನಿವಾರವಾಡೆಯ ಸಮೀಪದಲ್ಲೇ ಇರುವ ಲಾಲಮಹಲು ಶಿವಾಜಿಯ ಬಾಲ್ಯದ ನೆಲೆ; ಈಗಿನ ಕಟ್ಟಡ ಮಾತ್ರ ಈಚಿನದು. ಆತನ ತಂದೆ ಶಹಾಜಿ ಬೆಂಗಳೂರಿನಲ್ಲಿ ಜಹಗೀರು ಆಳಿ, 1664ರಲ್ಲಿ ಚನ್ನಗಿರಿ ಸೀಮೆಯ ಹೊದಿಗೆರೆಯಲ್ಲಿ ದೇಹವಿಟ್ಟವನು. ಹಂಪೆಯನ್ನು ನಮ್ಮ ಮಕ್ಕಳು ಕಾಣಲೇಬೇಕು, ಸಂದೇಹವಿಲ್ಲ. ಆದರೆ ತಾವು ಉಣ್ಣುವ ನೆಲದ ಚರಿತ್ರೆಯನ್ನು ಪರರದೆಂದು ಬಿಟ್ಟವರಿಗೆ ತವರಿನ ಚರಿತ್ರೆಯೂ ಬಹುಕಾಲ ನಿಲ್ಲದು.

ಎರಡನೆಯ ಪತ್ರದವರಿಗೆ ಒಂದು ಮಾತು. ನಲಿವು ಮಕ್ಕಳ ಹಕ್ಕು. ಮುರಿದ ಗೋಡೆ ಮಕ್ಕಳಿಗೆ ಬೇಸರ ತರುವುದು, ಅದರ ಕಥೆಯನ್ನು ಹೇಳಬಲ್ಲವರಿಲ್ಲದಾಗ ಮಾತ್ರ. 1828ರ ಬೆಂಕಿಯಲ್ಲಿ ಮರದ ಅರಮನೆಯೆಲ್ಲ ಸುಟ್ಟು ಹೋಗಿ, ಇಂದು ಉಳಿದಿರುವುದು ಕೋಟೆಗೋಡೆ, ಕಲ್ಲಿನ ತಳಹದಿ, ಕಾರಂಜಿಯ ಕುರುಹು ಮತ್ತು ಉತ್ತರಕ್ಕೆ ಮುಖಮಾಡಿದ ದಿಲ್ಲಿ ದರವಾಜೆ. ಆ ಬಾಗಿಲಿನ ಕಬ್ಬಿಣದ ಮೊಳೆಗಳು ಆನೆಗಳ ಹಣೆಯನ್ನು ತಡೆಯುವುದಕ್ಕೆಂದು ಜೊತೆಯಲ್ಲಿದ್ದ ಗುರುಗಳು ಹೇಳಿದಾಗ ಮಕ್ಕಳು ಅಲ್ಲಿಂದ ಕದಲಲಿಲ್ಲವಂತೆ.

ಆದರೆ ವಾಡೆಯ ಹೊರಗೆ ಯಾರೋ ನಾರಾಯಣರಾಯನ ಪ್ರೇತದ ಕಥೆ ಹೇಳಿದ್ದರಿಂದ ಕೆಲವು ಮಕ್ಕಳು ಹೆದರಿ ರಾತ್ರಿ ನಿದ್ದೆಗೆಟ್ಟುದಾಗಿಯೂ ತಿಳಿದುಬಂದಿದೆ. 1773ರ ಆಗಸ್ಟ್ 30ರಂದು ಆ ತರುಣ ಪೇಶ್ವೆ ಅದೇ ವಾಡೆಯಲ್ಲಿ ಕಾವಲಿನವರ ಕೈಯಿಂದ ಹತನಾದುದು ನಿಜ. ಪ್ರೇತದ ಕಥೆಯನ್ನು ಯಾರಾದರೂ ಹೇಳಿಯಾರು. ಗುರುಗಳು ಹೇಳಬೇಕಾದುದು ಅದರ ಮುಂದಿನ ಕಥೆಯನ್ನು. ಕೊಲೆಯ ಹೊಣೆ ಚಿಕ್ಕಪ್ಪ ರಘುನಾಥರಾಯನದೇ ಎಂದು ಅಧಿಕಾರದಲ್ಲಿದ್ದ ಆತನ ಮುಖಕ್ಕೇ ನುಡಿದು, ಪದವಿಯನ್ನು ತೊರೆದು ನಡೆದ ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆಯ ಕಥೆ ಅದು. ಆಳುವವನಿಗೂ ನೀನು ತಪ್ಪಿತಸ್ಥನೆಂದು ಹೇಳಬಹುದು ಎಂಬುದನ್ನು ಒಂಬತ್ತು ವರುಷದ ಮಗು ಅಲ್ಲಿ ನಿಂತು ತಿಳಿದರೆ ಪ್ರವಾಸ ಸಾರ್ಥಕ. ಅದೇ ಪೇಶ್ವಾಯಿಯಲ್ಲಿ ಜಾತಿಯ ಕಟ್ಟಳೆಗಳು ಕ್ರೂರವಾಗಿದ್ದವೆಂಬುದನ್ನೂ ಬಚ್ಚಿಡಬಾರದು. ಅಂದು ಊರ ಹೊರಗೆ ನಿಲ್ಲಬೇಕಾಗಿದ್ದವರ ಮಕ್ಕಳು ಇಂದು ದಿಲ್ಲಿ ದರವಾಜೆಯೊಳಗೆ ಎಲ್ಲರೊಡನೆ ಕೈಹಿಡಿದು ನಡೆಯುತ್ತಾರೆ.

ಎಲ್ಲರೊಡನೆ ಎಂದೆವು, ಇಲ್ಲಿಯೇ ನಮ್ಮ ಲೇಖಣಿ ತಡೆಯುತ್ತದೆ. ಆ ತರಗತಿಯಲ್ಲಿರುವ ಮಕ್ಕಳು ಮೂವತ್ತೇಳು. ಹೋದವರು ಇಪ್ಪತ್ತೆಂಟು. ಉಳಿದ ಒಂಬತ್ತು ಮಕ್ಕಳು ಏಕೆ ಬರಲಿಲ್ಲವೆಂದು ವಿಚಾರಿಸಲಾಗಿ, ತಲೆಗೆ ನಾನೂರೈವತ್ತು ರೂಪಾಯಿ ತಿಂಗಳ ಕೊನೆಯಲ್ಲಿ ಹೊಂದಲಿಲ್ಲವೆಂದು ತಿಳಿಯಿತು. ಅವರಲ್ಲಿ ಐವರ ತಂದೆಯರು ನಮ್ಮವರ ಹೋಟೆಲುಗಳಲ್ಲಿಯೇ ದುಡಿಯುವವರು. ಈ ವಿಷಯವಾಗಿ ನಮಗೆ ಯಾರೂ ಪತ್ರ ಬರೆಯಲಿಲ್ಲ. ಹಂಪೆಯೋ ಪುಣೆಯೋ ಎಂದು ವಾದಿಸುವವರ ಕಣ್ಣಿಗೆ ಮನೆಯಲ್ಲಿ ಉಳಿದ ಮಕ್ಕಳು ಬೀಳಲಿಲ್ಲ.

ಈ ಅಂಕಣವನ್ನು ಬರೆಯುವವನು ಇಪ್ಪತ್ತು ವರುಷ ಹೋಟೆಲಿನ ಗಲ್ಲೆಯ ಮೇಲೆ ಕುಳಿತವನು. ನಾನೂರೈವತ್ತು ರೂಪಾಯಿ ಎಂದರೆ ಬೆಳಗಿನ ಹೊತ್ತಿನಲ್ಲಿ ಎಷ್ಟು ನಿಮಿಷದ ವ್ಯಾಪಾರವೆಂಬುದು ಅವನಿಗೆ ಗೊತ್ತು. ತನ್ನಲ್ಲಿ ದುಡಿದವರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆಂದು ಆ ಇಪ್ಪತ್ತು ವರುಷಗಳಲ್ಲಿ ಒಮ್ಮೆಯೂ ಕೇಳಲಿಲ್ಲವೆಂಬುದನ್ನೂ ಅವನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಆದುದರಿಂದ ಈ ಮಾತು ಉಪದೇಶವಲ್ಲ.

ಈ ನಗರದಲ್ಲಿ ಕನ್ನಡ ಮಾಧ್ಯಮದ ತರಗತಿಗಳು ಮಕ್ಕಳಿಲ್ಲದೆ ಒಂದೊಂದಾಗಿ ಮುಚ್ಚುತ್ತಿರುವುದು ಸರ್ವವಿದಿತ. ಸಭೆಗಳಲ್ಲಿ ನಾವು ಅದಕ್ಕಾಗಿ ಕಣ್ಣೀರಿಡುತ್ತೇವೆ. ಆದರೆ ಆ ಶಾಲೆಗಳನ್ನು ಇಂದು ಉಳಿಸಿರುವವರು ಭಾಷಣಕಾರರಲ್ಲ. ಈ ಬಡ ಪಾಲಕರೇ. ತನ್ನ ಮಗು ಮಾತ್ರ ಹಿಂದುಳಿಯಿತೆಂಬ ನೋವು ಅವರನ್ನು ಶಾಲೆಯಿಂದ ದೂರ ಮಾಡಿದರೆ ತಪ್ಪು ಯಾರದು?

ನಮ್ಮ ಸೂಚನೆಗಳು ಸರಳವಾಗಿವೆ. ಶಾಲೆಗಳು ಪ್ರವಾಸದ ದಿನವನ್ನು ತಿಂಗಳ ಮೊದಲ ವಾರದಲ್ಲಿಟ್ಟು, ಎರಡು ತಿಂಗಳು ಮುಂಚಿತವಾಗಿ ತಿಳಿಸಿ, ಹಣವನ್ನು ಕಂತುಗಳಲ್ಲಿ ತೆಗೆದುಕೊಳ್ಳಲಿ. ತರಗತಿಯ ಒಂದು ಮಗುವಾದರೂ ಹಣವಿಲ್ಲದೆ ಉಳಿಯುವುದಾದರೆ ಪ್ರವಾಸವನ್ನು ಮುಂದೂಡಲಿ. ಪ್ರತಿ ಉಪನಗರದ ಹೋಟೆಲು ಮಾಲಿಕರು ತಮ್ಮ ಸಮೀಪದ ಒಂದು ಕನ್ನಡ ಶಾಲೆಯ ಪ್ರವಾಸದ ಬೆಳಗಿನ ಫಲಾಹಾರವನ್ನೂ ಮಧ್ಯಾಹ್ನದ ಊಟವನ್ನೂ ವಹಿಸಿಕೊಳ್ಳಲಿ. ನೂರು ಇಡ್ಲಿ, ಒಂದು ಪಾತ್ರೆ ಚಿತ್ರಾನ್ನದಿಂದ ಯಾವ ಹೋಟೆಲೂ ಮುಳುಗದು. ಕೊಡುವವರು ತಮ್ಮ ಹೆಸರಿನ ಫಲಕವನ್ನು ಬಸ್ಸಿಗೆ ಕಟ್ಟದಿರಲಿ. ಯಾವ ಮಗುವಿನ ಹಣವನ್ನು ಯಾರು ಕೊಟ್ಟರೆಂಬುದು ಗುರುಗಳಿಗೊಬ್ಬರಿಗೇ ತಿಳಿದಿರಲಿ.

ಉಳಿದ ಒಂಬತ್ತು ಮಕ್ಕಳನ್ನು ಬರುವ ತಿಂಗಳು ಪುಣೆಗೆ ಕರೆದೊಯ್ಯಲು ಗುರುಗಳು ಸಮ್ಮತಿಸಿದ್ದಾರೆ. ವೆಚ್ಚದ ಏರ್ಪಾಡು ಆಗಿದೆ. ಮುಂದಿನ ವರ್ಷ ಇಂತಹ ಎರಡನೆಯ ಪ್ರವಾಸದ ಅಗತ್ಯ ಬೀಳದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ.